ಮೂರನೇ ಹಾಡಿನವರೆಗೆ ಇದ್ದ ಹಲ್ಲು

ಅಡುಗೆಮನೆಯ ಸಿಂಕಿನಲ್ಲಿ ಟ್ರಂಪೆಟ್ಟಿಗೆ ಸ್ನಾನ ನಡೆದಿತ್ತು. ಮಗಳು ಅದರ ಗುಂಡಿಗಳನ್ನು ಬಿಚ್ಚಿ, ಒರೆಸಿ, ಹಳೆಯ ಟವೆಲಿನ ಮೇಲೆ ಸಾಲಾಗಿ ಮಲಗಿಸಿದ್ದಳು. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಕೊಳವೆಯನ್ನು ಅದ್ದಿ, ಬಾಟಲಿ ತೊಳೆಯುವ ಬ್ರಷ್ಷನ್ನು ಒಳಗೆ ತೂರಿಸಿ, ಬಾಗಿದ ಕಡೆಯಲ್ಲಿ ಮೆಲ್ಲಗೆ ತಿರುಗಿಸಿ ಎಳೆದಳು. ಹಸಿರು ಕೊಳೆ ಬಂತು. ಅಪ್ಪ ಮೇಜಿನ ಹತ್ತಿರ ಕೂತು ಒಣಗಿದ ಬ್ರೆಡ್ಡಿನ ಅಂಚು ಕಡಿಯುತ್ತಿದ್ದ. ಭಾನುವಾರದ ಈ ಕೆಲಸಕ್ಕೆ ಮಾತು ಬೇಕು ಅಂತ ಇಬ್ಬರಿಗೂ ಯಾವತ್ತೂ ಅನಿಸಿರಲಿಲ್ಲ.

ಟಕ್ ಅಂತು.

ಮಗಳು ಸಿಂಕಿನೊಳಗೆ ನೋಡಿದಳು. ಟ್ರಂಪೆಟ್ಟಿಗೆ ಏನೂ ಆಗಿರಲಿಲ್ಲ. ತಿರುಗಿದರೆ ಅಪ್ಪನ ಅಂಗೈಯಲ್ಲಿ ಮೇಲಿನ ಸಾಲಿನ ಮುಂದಿನ ಹಲ್ಲು ಬೇರುಸಮೇತ ಕೂತಿತ್ತು. ಜೀವಮಾನವಿಡೀ ಹಿತ್ತಾಳೆಯ ಒತ್ತಡ ತಿಂದು ತಿಂದು ಅಲ್ಲಾಡುತ್ತಿದ್ದ ಹಲ್ಲು ಅದು. ಬೀಳುವುದಕ್ಕೆ ಅದು ಆರಿಸಿಕೊಂಡ ದಿನ ಮಾತ್ರ ನೋಡಬೇಕು. ಅವತ್ತೇ ಮಧ್ಯಾಹ್ನ ಅಪ್ಪನ ಮೊಟ್ಟಮೊದಲ ಆಲ್ಬಮ್ಮಿನ ರೆಕಾರ್ಡಿಂಗ್ ಇತ್ತು.

ಒಳಗಿನ ಕೋಣೆಯಿಂದ ಅತ್ತೆ, ಅಂದರೆ ಅಪ್ಪನ ಅಕ್ಕ, ಬಂದು ನೋಡಿದಳು. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ನಿನ್ನ ನೋಡೇ ಮಾಡಿದ್ದು ಕಣೋ ತಮ್ಮ" ಅಂದಳು.

ಅಪ್ಪ ಹೋಟೆಲಿನ ಬ್ಯಾಂಡಿನಲ್ಲಿ ಊದುತ್ತಿದ್ದವನು. ಊಟ ಮಾಡುವವರ ಚಮಚದ ಸದ್ದಿನ ಕೆಳಗೆ ಇನ್ನೊಬ್ಬರ ಹಾಡು ಊದಿಯೇ ತಲೆ ನರೆತಿತ್ತು. ತನ್ನದೇ ಒಂದು ಆಲ್ಬಮ್ ಆಗಬೇಕು, ಅದು ಜಾಝ್-ಫಂಕ್ ಆಗಿರಬೇಕು ಅನ್ನುವುದು ಅವನ ಹಟ. ಜಾಝ್-ಫಂಕ್ ಅಂದರೇನು ಅಂತ ಅತ್ತೆ ಒಮ್ಮೆ ಕೇಳಿದ್ದಳು. "ಜಾಝ್ ಅಂದ್ರೆ ತಲೆ ಅಕ್ಕ, ಫಂಕ್ ಅಂದ್ರೆ ಸೊಂಟ. ಎರಡೂ ಒಟ್ಟಿಗೆ ಆಡಬೇಕು" ಅಂದಿದ್ದ. "ನಿಂಗೆ ಎರಡೂ ಕಡೆ ನೋವೇ ಇದೆಯಲ್ಲೋ" ಅಂದಿದ್ದಳು ಅತ್ತೆ.

ಆಲ್ಬಮ್ಮಿನ ಹೆಸರು 'ಬಿಸಿ ತಗಡು'. ಅದರ ಮೊದಲ ಹಾಡು 'ಅಳಿಲು'. ಮಗಳನ್ನು ಅಪ್ಪ ಕರೆಯುವುದೇ ಹಾಗೆ. ಅವಳು ಶಾಲೆ ಬಿಟ್ಟ ವರ್ಷ ಕಟ್ಟಿದ ಹಾಡು ಅದು. ತರಗತಿಯಲ್ಲಿ ಎದ್ದು ನಿಂತು ಓದು ಅಂದರೆ ಗಂಟಲು ಕಟ್ಟಿ, ನಕ್ಕವರ ಮುಖ ಮತ್ತೆ ನೋಡಲಾರದೆ ಅವಳು ಮನೆಯ ಮೂಲೆ ಸೇರಿದ್ದಳು. ಯಾರು ಏನು ಕೇಳಿದರೂ ಉತ್ತರ ಇಲ್ಲ. ಅಪ್ಪ ಬಾಯಿಮಾತಿನಲ್ಲಿ ಕೇಳುವುದನ್ನು ಬಿಟ್ಟು ಟ್ರಂಪೆಟ್ಟಿನಲ್ಲಿ ಕೇಳಿದ. ಒಂದು ಪುಟ್ಟ ಪ್ರಶ್ನೆ ಊದುವುದು, ನಿಲ್ಲಿಸಿ ಕಾಯುವುದು. ಮತ್ತೊಂದು ಊದುವುದು, ಕಾಯುವುದು. ಎಷ್ಟೋ ಸಂಜೆಗಳು ಕಳೆದ ಮೇಲೆ ಆ ಖಾಲಿ ಜಾಗದಲ್ಲಿ ಅವಳು ಎರಡು ಬೆರಳಿನಿಂದ ಮೇಜಿನ ಮೇಲೆ ಟಕಟಕ ಅಂದಳು. ಅಲ್ಲಿಗೆ ಹಾಡು ಆಯಿತು. ಆಲ್ಬಮ್ಮಿನ ಉಳಿದ ಹಾಡುಗಳು ಬ್ಯಾಂಡಿನವರೆಲ್ಲ ಸೇರಿ ಕಟ್ಟಿದವು. ಇದೊಂದು ಮಾತ್ರ ಅಪ್ಪನದು, ಅವಳದು.

ಈಗ ಆ ಹಾಡಿಗೆ ಹಲ್ಲಿಲ್ಲ.

ಹಲ್ಲು ಕಟ್ಟುವುದೇ ಮಗಳ ಕೆಲಸ. ದಂತವೈದ್ಯರ ಕ್ಲಿನಿಕ್ಕಿನ ಹಿಂದೆ ಕಿಟಕಿ ಇರುವ ಸಣ್ಣ ಕೋಣೆ, ಅದರಲ್ಲಿ ಸ್ಪಿರಿಟ್ ದೀಪ, ಮೇಣ ಕೆತ್ತುವ ಚಾಕು, ಪ್ಲಾಸ್ಟರಿನ ಡಬ್ಬ, ತರತರದ ಬಿಳುಪಿನ ಹಲ್ಲುಗಳ ಪೆಟ್ಟಿಗೆ. ಬಾಯಿಗಳ ಜೊತೆ ಇಡೀ ದಿನ ಕಳೆಯಬಹುದು, ಒಂದು ಬಾಯಿಯೂ ಮಾತಾಡಿಸುವುದಿಲ್ಲ. ಅವಳಿಗೆ ಹೇಳಿ ಮಾಡಿಸಿದ ಜಾಗ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡಿದಳು, ಅಚ್ಚು ತೆಗೆದು ಪ್ಲಾಸ್ಟರ್ ಹುಯ್ದಳು. ಗಟ್ಟಿ ಹಲ್ಲು ಕಟ್ಟುವುದಕ್ಕೆ ಮಾರನೆಯ ದಿನ ಆಗಬೇಕು. ಅದಕ್ಕೇ ಟ್ರಯಲ್ ಹಲ್ಲು ಮಾಡಿದಳು. ಗುಲಾಬಿ ಮೇಣದ ತಟ್ಟೆಯಲ್ಲಿ ಹಲ್ಲು ಕೂರಿಸಿ, ಬಾಯಲ್ಲಿಟ್ಟು ಅಳತೆ ನೋಡಿ ತೆಗೆಯುವುದಕ್ಕೆ ಮಾತ್ರ ಇರುವಂಥದ್ದು. ದರ್ಜಿ ಅಳತೆ ನೋಡಲು ಬಿಳಿ ದಾರದಲ್ಲಿ ಕಚ್ಚಾ ಹೊಲಿದ ಅಂಗಿ ಹಾಕಿಕೊಂಡು ಮದುವೆಗೆ ಹೋದ ಹಾಗೆ ಅಪ್ಪ ಅದನ್ನೇ ಹಾಕಿಕೊಂಡು ಹೊರಟ.

"ಬಿಸಿ ಕಾಫಿ ಕುಡೀಬೇಡ ಅಪ್ಪ" ಅಂದಳು ಮಗಳು. "ಬಿಸಿ ಏನೂ ಬಾಯಿಗೆ ಹಾಕ್ಬೇಡ. ಮೇಣ ಅದು."

"ನೀರೂ ಕುಡಿಯಲ್ಲ ಹೋಗು" ಅಂದ ಅಪ್ಪ.

ಅವನು ಮಾತಿಗೆ ತಪ್ಪಲಿಲ್ಲ. ಆದರೆ ಸ್ಟುಡಿಯೋ ಇದ್ದದ್ದು ರತ್ನಗಂಬಳಿ ಅಂಗಡಿಯ ನೆಲಮಾಳಿಗೆಯಲ್ಲಿ. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆಲ್ಲ ಕಂಬಳಿ ಹೊಡೆದಿದ್ದರು. ಫ್ಯಾನಿನ ಸದ್ದು ಮೈಕಿಗೆ ಸಿಗುತ್ತದೆ ಅಂತ ಫ್ಯಾನನ್ನೂ ಆರಿಸಿದ್ದರು. ಬಾಸ್ ಗಿಟಾರ್ ನುಡಿಸುವ ಲಿಫ್ಟ್ ಮೆಕ್ಯಾನಿಕ್ ಅಂಗಿ ಬಿಚ್ಚಿ ಕೂತ, ಡ್ರಮ್ ಬಾರಿಸುವ ಬಸ್ ಡ್ರೈವರ್ ತಲೆಗೆ ಒದ್ದೆ ಕರ್ಚೀಫು ಕಟ್ಟಿಕೊಂಡ. ಅಪ್ಪನ ಬಾಯೊಳಗೆ ಅವನದೇ ಉಸಿರು ಒಲೆಯಾಗಿತ್ತು. ಕಾಫಿಯ ಬಿಸಿಗೆ ಹೆದರಿದ ಮಗಳಿಗೆ ಊದುವವನ ಉಸಿರಿನ ಬಿಸಿ ಹೊಳೆದಿರಲಿಲ್ಲ. ಮೂರು ಹಾಡು ಚೆನ್ನಾಗಿ ಆದವು. ಮೂರನೆಯದರ ಕೊನೆಯ ಸ್ವರ ಎಳೆಯುವಾಗ ಮೇಣ ತುಟಿಯ ಹಿಂದೆ ಸೊರಗಿ, ಹಲ್ಲು ಬಾಗಿಲ ಬುಡದಲ್ಲಿ ಕುಡುಕ ಒರಗಿದ ಹಾಗೆ ಒರಗಿತು. ಅಪ್ಪ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಸಂಜೆಯೊಳಗೆ ಜಾಗ ಖಾಲಿ ಮಾಡಬೇಕಿತ್ತು. ಉಳಿದ ಹಾಡುಗಳನ್ನೆಲ್ಲ ಬೋಳು ವಸಡಿನಲ್ಲೇ ಊದಿದ. ಗಾಳಿ ಸೋರಿತು. ಸ್ವರಗಳು ಪುಸ್ ಅಂದವು, ಜಾರಿದವು, ಕೆಲವು ಬರುತ್ತೇನೆ ಅಂತ ಹೇಳಿ ಬರಲೇ ಇಲ್ಲ.

"ಮೂರು ಹಾಡಿನ ಮರ್ಯಾದೆ ಉಳೀತು ಅಳಿಲೇ" ಅಂದ ಮನೆಗೆ ಬಂದು. ಜೇಬಿನಲ್ಲಿ ಹಲ್ಲು ಮೇಣದ ಜೊತೆ ಬಟ್ಟೆಗೆ ಅಂಟಿಕೊಂಡಿತ್ತು. ಮಗಳು ಅಂಗಿಯನ್ನು ಬಿಸಿನೀರಿಗೆ ಹಾಕಿದಳು.

ಮಾರನೆಯ ದಿನವೇ ಗಟ್ಟಿ ಹಲ್ಲಿಗೆ ಕೂತಳು. ಪಕ್ಕದ ಹಲ್ಲಿನ ಹಳದಿಗೆ ಹಳದಿ ಹೊಂದಿಸಿದಳು, ಪಕ್ಕದ ಹಲ್ಲಿಗೆ ಇದ್ದ ಕೂದಲೆಳೆಯಷ್ಟು ಬಿರುಕನ್ನೂ ಇದಕ್ಕೆ ಎಳೆದಳು. ಉಜ್ಜಿ ನಯ ಮಾಡಿ ತಂದಾಗ ಅಪ್ಪ ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿದ. "ಇದು ನಂದೇ ಕಣೇ, ಎಲ್ಲಿ ಸಿಕ್ತು?" ಅಂದ.

ಕೆಲವು ವಾರಕ್ಕೆ ಆಲ್ಬಮ್ ಮಾರುಕಟ್ಟೆಗೆ ಬಂತು, ಹಿಂದೆಯೇ ವಿಮರ್ಶೆ ಬಂತು.

ಬೆಳಗಿನ ಪತ್ರಿಕೆಯ ವಿಮರ್ಶಕರು ಬರೆದಿದ್ದರು: 'ಮೊದಲ ಮೂರು ಹಾಡುಗಳಲ್ಲಿ ಕಲಾವಿದ ಶುದ್ಧವಾಗಿ ನುಡಿಸುತ್ತಾನೆ, ಆದ್ದರಿಂದಲೇ ಬೇಸರ ತರಿಸುತ್ತಾನೆ. ನಾಲ್ಕನೆಯದರಲ್ಲಿ ಅವನೊಳಗಿನ ಯಾವುದೋ ಗೋಡೆ ಕುಸಿಯುತ್ತದೆ. ಅಲ್ಲಿಂದ ಕೇಳಿಸುವುದು ಟ್ರಂಪೆಟ್ ಅಲ್ಲ, ಶೂನ್ಯ.'

"ಗೋಡೆ ಅಲ್ಲ, ಹಲ್ಲು" ಅಂದ ಅಪ್ಪ.

ಸಂಜೆ ಪತ್ರಿಕೆಯ ವಿಮರ್ಶಕಿ ಬೆಳಗಿನವರನ್ನು ಒಪ್ಪಲಿಲ್ಲ. 'ಶೂನ್ಯವಲ್ಲ, ಸೋರಿಕೆ. ನಮ್ಮ ಕಾಲದ ಚಕ್ರಕ್ಕೆ ಆಗಿರುವ ಪಂಕ್ಚರನ್ನು ಈ ಕಲಾವಿದ ಧೈರ್ಯವಾಗಿ ಊದಿದ್ದಾನೆ' ಅಂತ ಬರೆದರು. ಬಸ್ ಡ್ರೈವರ್ ಇದನ್ನು ಓದಿ ಕೆರಳಿದ. "ಪಂಕ್ಚರ್ ಅನ್ನೋದು ಹೊಗಳಿಕೆನಾ? ನನ್ನ ಬಸ್ಸಲ್ಲಿ ಆದಾಗ ಜನ ಹೊಗಳಿದ್ದನ್ನ ನಾನು ಒಂದು ಸಲಾನೂ ಕೇಳಿಲ್ಲ" ಅಂದ.

ರೇಡಿಯೋದವರು ಕರೆದು ಆ ಸ್ವರದ ಗುಟ್ಟೇನು ಅಂತ ಕೇಳಿದರು. ಸುಳ್ಳು ಹೇಳಿ ಅಭ್ಯಾಸ ಇಲ್ಲದ ಅಪ್ಪ, "ಮುಂದಿನ ಹಲ್ಲು ಬಿದ್ದಿತ್ತು" ಅಂದುಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಆ ವಾರವೇ ಇಬ್ಬರು ವಿಮರ್ಶಕರೂ ಒಬ್ಬರ ಹಿಂದೆ ಒಬ್ಬರು ಮನೆಗೆ ಬಂದರು.

ಅಪ್ಪ ಊಟಕ್ಕೆ ಕೂತಿದ್ದ. ಮೇಜಿನ ದೀಪದ ಕೆಳಗೆ ಬಾಯಿ ತೆರೆದು ಕೂರಿಸಿದರು. ಬೆಳಕು ಸಾಲದೆ ಅತ್ತೆ ಟಾರ್ಚ್ ತಂದು ಹಿಡಿದಳು.

"ನೋಡಿ, ಇದು ಶೂನ್ಯವೇ. ಪೂರ್ತಿ ಖಾಲಿ ಇದೆ" ಅಂದರು ಬೆಳಗಿನವರು.

"ಅಂಚು ನೋಡಿ ಸ್ವಾಮಿ ಅಂಚು! ವಸಡು ಒಳಕ್ಕೆ ಸರಿದಿದೆ. ಸೋರಿಕೆ ಅಂದ್ರೆ ಇದೇ" ಅಂದರು ಸಂಜೆಯವರು.

"ಹಿಂದಿನ ದವಡೆಲೂ ಒಂದು ಹುಳುಕಿದೆ, ಅದಕ್ಕೇನಾದ್ರೂ ಹೆಸರಿದೆಯಾ?" ಅಂತ ಕೇಳಿದಳು ಅತ್ತೆ.

ಇಬ್ಬರೂ ಅದನ್ನು ಬರೆದುಕೊಂಡರು. ಅಪ್ಪನ ತಟ್ಟೆಯಲ್ಲಿ ಊಟ ಆರಿತು. ಮಗಳು ಬಾಗಿಲ ಸಂದಿಯಲ್ಲಿ ನಿಂತು, ಡಬ್ಬಿಯಲ್ಲಿ ಒದ್ದೆ ಹತ್ತಿಯ ಮೇಲೆ ಮಲಗಿಸಿದ್ದ ಹೊಸ ಹಲ್ಲನ್ನು ಬೆನ್ನ ಹಿಂದೆ ಮುಚ್ಚಿ ಹಿಡಿದಿದ್ದಳು. ಆಲ್ಬಮ್ ಮಾರುವ ಕಂಪನಿಯವನು ಹಿಂದಿನ ದಿನವೇ ಬಂದು ಕೈಮುಗಿದು ಹೋಗಿದ್ದ: "ಸಾರ್, ದಯವಿಟ್ಟು ಹಲ್ಲು ಮಾತ್ರ ಹಾಕಿಸ್ಕೋಬೇಡಿ. ನಿಮ್ಮ ಹಲ್ಲು ಬಂದ್ರೆ ನಮ್ಮ ಹೊಟ್ಟೆ ಮೇಲೆ ಹೊಡೆದ ಹಾಗೆ."

ಅಲ್ಲಿಂದ ಮುಂದೆ ನಡೆದದ್ದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಕ್ಲಿನಿಕ್ಕಿಗೆ ಹುಡುಗರು ಬರತೊಡಗಿದರು. ಎಲ್ಲರ ಕಂಕುಳಲ್ಲೂ ಟ್ರಂಪೆಟ್ಟಿನ ಪೆಟ್ಟಿಗೆ, ಎಲ್ಲರ ಬಾಯಲ್ಲೂ ಮುತ್ತಿನಂಥ ಹಲ್ಲು. ಮುಂದಿನದನ್ನು ಕೀಳಬೇಕಂತೆ. ಡಾಕ್ಟರಿಗೆ ಮೊದಲು ಕೋಪ ಬಂತು. "ಹಲ್ಲು ಉಳಿಸೋಕೆ ಓದಿದವನು ನಾನು" ಅಂತ ಒಬ್ಬನನ್ನು ಮೆಟ್ಟಿಲ ತನಕ ಅಟ್ಟಿಸಿಕೊಂಡು ಹೋದರು. ಹುಡುಗ ಎದುರುಗಡೆಯ ಕ್ಲಿನಿಕ್ಕಿಗೆ ಹೋದ. ಆ ಕಡೆ ಸಾಲು ಬೆಳೆಯಿತು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಸಂಜೆಯ ಹೊತ್ತಿಗೆ ಡಾಕ್ಟರು ಹಿಂದಿನ ಕೋಣೆಗೆ ಬಂದು ಗಂಟಲು ಸರಿಮಾಡಿಕೊಂಡರು.

"ನಿಮ್ಮಪ್ಪನ ಬಾಯಿದು ಅಚ್ಚು ಇಟ್ಟಿದೀಯಲ್ಲಮ್ಮ?"

ಮಗಳು ತಲೆಯಾಡಿಸಿದಳು.

"ಅದರದ್ದು ಒಂದಷ್ಟು ಕಾಪಿ ಹುಯ್ದುಕೊಡು. ಹುಡುಗರು ಅಳತೆ ಕೇಳ್ತಾರೆ. ಎಷ್ಟು ಅಗಲ, ಎಷ್ಟು ಆಳ ಅಂತ. ಕೀಳೋದೇ ಆದ್ರೆ ಸರಿಯಾಗಿ ಕೀಳಬೇಕಲ್ಲ."

ಪ್ಲಾಸ್ಟರ್ ಕಲಸಿದಳು, ಹುಯ್ದಳು. ಕಿಟಕಿಯ ಕಟ್ಟೆಯ ಮೇಲೆ ಅಪ್ಪನ ಬಾಯಿಗಳು ಸಾಲಾಗಿ ಬಿಸಿಲು ಕಾಯುತ್ತಾ ಕೂತವು, ಎಲ್ಲವೂ ಒಂದೇ ಕಡೆ ಬೋಳಾಗಿ. ಒಬ್ಬ ಹುಡುಗ ಮನೆಯಲ್ಲಿ ಕನ್ನಡಿ ನೋಡಿಕೊಂಡು ತಾಳೆ ಹಾಕಿ, ಎಡಗಡೆಯದಕ್ಕೆ ಬದಲು ಬಲಗಡೆಯ ಹಲ್ಲು ತೋರಿಸಿ ಕೀಳಿಸಿಕೊಂಡ. ಅಯ್ಯೋ ಅಂತ ಅವನು ಅಳುತ್ತಿರುವಾಗಲೇ ಬೆಳಗಿನ ಪತ್ರಿಕೆ ಅದನ್ನು 'ಬಲಗಡೆಯ ಶೈಲಿ' ಅಂತ ಕರೆಯಿತು. ಅವನು ಅಳು ನಿಲ್ಲಿಸಿದ.

ಮನೆಯಲ್ಲಿ ಅಪ್ಪ ಸೊರಗುತ್ತಿದ್ದ. ಮೆತ್ತಗಿನದೇ ಊಟ. ಬೀದಿಯಲ್ಲಿ ಜನ ಅಡ್ಡಗಟ್ಟಿ, "ಸಾರ್, ಒಂದು ಸಲ ನಗಿ" ಅನ್ನುತ್ತಿದ್ದರು. ನಗುವುದನ್ನೇ ಬಿಟ್ಟ. ಬೆಳಗ್ಗೆ ಎದ್ದು ಡಬ್ಬಿ ತೆರೆದು ಹಲ್ಲು ನೋಡುವುದು, ಮುಚ್ಚಿಡುವುದು. ಮಗಳೂ ನೋಡುವುದು, ಹತ್ತಿ ಒದ್ದೆ ಮಾಡಿಡುವುದು.

ಒಂದು ದಿನ ಕಂಪನಿಯವನು ಸಿಹಿಸುದ್ದಿ ಅಂತ ಓಡಿ ಬಂದ. ಆಲ್ಬಮ್ ಮತ್ತೆ ಅಚ್ಚಾಗುತ್ತದಂತೆ, ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮವಂತೆ. "ಒಂದೇ ಒಂದು ಸಣ್ಣ ಬದಲಾವಣೆ ಸಾರ್. ಮೊದಲನೇ ಮೂರು ಹಾಡು ತೆಗೀತೀವಿ."

ಅಪ್ಪ ಕೂತಲ್ಲಿಂದ ಎದ್ದ. "ಎರಡು, ಮೂರು ಬೇಕಾದ್ರೆ ತೆಗೀರಿ. 'ಅಳಿಲು' ಮುಟ್ಟೋ ಹಾಗಿಲ್ಲ."

"ಅದನ್ನ ಯಾರೂ ಕೇಳಲ್ಲ ಸಾರ್. ಅದ್ರಲ್ಲಿ ಹಲ್ಲಿದೆ."

"ಅದು ನನ್ನ ಮಗಳ ಹಾಡು ಕಣಯ್ಯ."

ಕಂಪನಿಯವನು ಮಗಳ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡಿದಳು. ಕೊನೆಗೆ ಅವನು ತಲೆ ಕೆರೆದುಕೊಂಡು ಹೇಳಿದ: "ಆಯ್ತು ಸಾರ್, ಹೀಗೆ ಮಾಡೋಣ. ಸಭೆಯಲ್ಲಿ ಮೊದಲು ಅದನ್ನೇ ಊದಿ. ಜನ ಚಪ್ಪಾಳೆ ತಟ್ಟಿದ್ರೆ ಉಳಿಸ್ತೀವಿ. ತಟ್ಟಿಲ್ಲ ಅಂದ್ರೆ ಆಮೇಲೆ ನನ್ನ ಬೈಬಾರದು."

ಅವನು ಹೋದ ಮೇಲೆ ಅಪ್ಪ ಮಗಳ ಮುಂದೆ ಅಂಗೈ ಚಾಚಿದ. ಅವಳು ಡಬ್ಬಿ ತಂದುಕೊಟ್ಟಳು.

"ಹಲ್ಲು ಕಚ್ಚಿ ಊದ್ತೀನಿ" ಅಂದ.

"ಮೊದಲು ಇರಬೇಕಲ್ಲ ಕಚ್ಚೋಕೆ" ಅಂತ ಅತ್ತೆ ಶುರು ಮಾಡಿದಳು. ತಮ್ಮನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿ, ಅವನ ಕರಿ ಕೋಟನ್ನು ಇಸ್ತ್ರಿ ಮಾಡಲು ಎತ್ತಿಕೊಂಡು ಹೋದಳು.

ಸಭಾಂಗಣ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನಲ್ಲಿ ವಿಮರ್ಶಕರು, ನಡುವೆ ಡಾಕ್ಟರು, ಹಿಂದೆಲ್ಲ ಹಲ್ಲು ಕೀಳಿಸಿಕೊಂಡ ಹುಡುಗರು. ಅವರು ಮಾತಾಡಿಕೊಳ್ಳುವ ಸದ್ದು ಕುಕ್ಕರು ಕೂಗುವುದಕ್ಕೆ ಮೊದಲು ಸುಯ್ಯುವ ಹಾಗಿತ್ತು. ಮಗಳು ಪಕ್ಕದ ಪರದೆಯ ಮರೆಯಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಳು. ಅವಳಿಂದ ಅಪ್ಪನ ಕೆನ್ನೆ ಕಾಣುತ್ತಿತ್ತು, ಕೆನ್ನೆಯೊಳಗೆ ಹಲ್ಲು ಕೂತದ್ದೂ ಅವಳಿಗೆ ಗೊತ್ತಾಗುತ್ತಿತ್ತು.

ಅಪ್ಪ 'ಅಳಿಲು' ಎತ್ತಿದ. ಮೊದಲ ಪ್ರಶ್ನೆ ತೊಳೆದ ಲೋಟದಷ್ಟು ಸ್ವಚ್ಛವಾಗಿ ಹೊರಟು, ಸಭೆಯ ಹಿಂದಿನ ಗೋಡೆ ಮುಟ್ಟಿತು. ನಿಲ್ಲಿಸಿ ಕಾದ. ಡ್ರೈವರ್ ಡ್ರಮ್ಮಿನ ಅಂಚಿಗೆ ಟಕಟಕ ಅಂದ. ಪರದೆಯ ಮರೆಯಲ್ಲಿ ಅವಳ ಎರಡು ಬೆರಳೂ ಕುರ್ಚಿಯ ಕೈಗೆ ಟಕಟಕ ಅಂದವು. ಎರಡನೆಯ ಪ್ರಶ್ನೆ ಇನ್ನೂ ಮೆತ್ತಗೆ ಬಂತು. ಅಷ್ಟು ವರ್ಷಗಳ ಹಿಂದಿನ ಮೂಲೆ, ಆ ಸಂಜೆ, ಅಪ್ಪನ ಸವೆದ ಚಪ್ಪಲಿ, ಎಲ್ಲ ಅವಳ ಕಣ್ಣ ಮುಂದೆ ಬಂದು ನಿಂತವು.

ಸಭೆಯಲ್ಲಿ ಯಾರೋ ಕೆಮ್ಮಿದರು. ಬೆಳಗಿನ ವಿಮರ್ಶಕರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಅಪ್ಪನ ಬಾಯಿಯನ್ನೇ ದಿಟ್ಟಿಸಿದರು.

"ಹಲ್ಲಿದೆ!" ಅಂದರು ಗಟ್ಟಿಯಾಗಿ.

ಸಭೆ ಎದ್ದು ಕೂತಿತು. "ಮೋಸ!" ಅಂದ ಬಲಗಡೆಯ ಶೈಲಿಯ ಹುಡುಗ. ಅವನ ಸಂಕಟ ನಿಜವಾದದ್ದು. ಹಿಂದಿನಿಂದ ಒಂದು ದನಿ "ಹಲ್ಲು ತೆಗೀರಿ" ಅಂತು. ಇನ್ನೊಂದು ಸೇರಿತು. ಆಮೇಲೆ ಇಡೀ ಸಭೆ ಕಾಲು ತಟ್ಟುತ್ತಾ, "ಹಲ್ಲು ತೆಗೀರಿ! ಹಲ್ಲು ತೆಗೀರಿ!" ಅನ್ನತೊಡಗಿತು. ಅಪ್ಪ ಕಣ್ಣು ಮುಚ್ಚಿಕೊಂಡು ಮೂರನೆಯ ಪ್ರಶ್ನೆ ಊದಿದ. ಕೆಟ್ಟದ್ದು ಏನೆಂದರೆ, ಕೂಗಿಗೆ ತಾಳ ಚೆನ್ನಾಗಿತ್ತು. ಡ್ರಮ್ ಬಾರಿಸುವವನ ಕೈ, ಅದಕ್ಕೇನು ಗೊತ್ತು, ತಾಳ ಇದ್ದ ಕಡೆ ಹೋಯಿತು. ಲಿಫ್ಟ್ ಮೆಕ್ಯಾನಿಕ್ಕಿನ ಬಾಸ್ ಅದರ ಬೆನ್ನು ಹತ್ತಿತು. ಜನರ ಸೊಂಟ ಆಡಿತು. ಅಪ್ಪನ ಪ್ರಶ್ನೆ ನಡುವೆ ಎಲ್ಲೋ ಮುಳುಗಿತು.

ಅವನು ಟ್ರಂಪೆಟ್ ಇಳಿಸಿದ. ಒಮ್ಮೆ ಪರದೆಯ ಕಡೆ ನೋಡಿದ. ಬಾಯಿಗೆ ಬೆರಳು ಹಾಕಿ ಹಲ್ಲು ತೆಗೆದು ಜೇಬಿಗೆ ಹಾಕಿಕೊಂಡ.

ಚಾವಣಿ ಹಾರಿಹೋಗುವಂಥ ಚಪ್ಪಾಳೆ ಬಿತ್ತು. ಆಮೇಲಿನ ಕಾರ್ಯಕ್ರಮ ಭರ್ಜರಿಯಾಗಿ ನಡೆಯಿತು ಅಂತ ಎರಡೂ ಪತ್ರಿಕೆಗಳು ಒಪ್ಪಿಕೊಂಡವು. ಅವು ಒಪ್ಪಿದ್ದು ಅದೊಂದೇ.

ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಬಂದ ಅಪ್ಪ, ಜೇಬಿನಿಂದ ಹಲ್ಲು ತೆಗೆದು ಮಗಳ ಕೈಗೆ ಕೊಟ್ಟ. ಅದಕ್ಕೆ ಜೇಬಿನ ನೂಲು ಹತ್ತಿತ್ತು. ಅವಳು ಮೂಲೆಯ ನಲ್ಲಿಯ ಹತ್ತಿರ ಹೋದಳು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಎಲ್ಲರೂ ಒಳಗೆ ಬಂದರು.

"ಚಪ್ಪಾಳೆ ಬಂತಲ್ಲ, ಮೊದಲನೇ ಹಾಡಿಗೇ ಬಂತಲ್ಲ. ಇನ್ನು ಅದು ಉಳಿಯುತ್ತೆ" ಅಂದ ಅಪ್ಪ ಕಂಪನಿಯವನಿಗೆ.

"ಬಂದಿದ್ದು ಹಲ್ಲು ತೆಗೆದಿದ್ದಕ್ಕೆ ಸಾರ್" ಅಂದ ಅವನು, ನೆಲ ನೋಡುತ್ತಾ.

"ಬೇಕೂಂತಲೇ ಹಾಕಿಕೊಂಡು ಬಂದಿದ್ರು ಕಣ್ರೀ" ಅಂದರು ಸಂಜೆಯ ವಿಮರ್ಶಕಿ. "ಹಲ್ಲಿನ ವ್ಯರ್ಥತೆ ತೋರಿಸೋಕೆ. ಎಂಥ ವ್ಯಂಗ್ಯ!"

"ವ್ಯಂಗ್ಯ ಅಲ್ಲ, ತ್ಯಾಗ" ಅಂದರು ಬೆಳಗಿನವರು. "ಶೂನ್ಯ ಈಗ ದೊಡ್ಡದಾಗಿರಬೇಕು. ಸ್ವಲ್ಪ ಬಾಯಿ ತೆಗೀರಿ ಸಾರ್."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟೇ ಸಾಕಾಯಿತು. ಇಬ್ಬರೂ ಅವನನ್ನು ಕುರ್ಚಿಗೆ ಕೂರಿಸಿ ಬಗ್ಗಿದರು. ಡಾಕ್ಟರು ಗಲ್ಲ ಎತ್ತಿ ಹಿಡಿದು ಜೇಬಿನಿಂದ ಪುಟ್ಟ ಕನ್ನಡಿ ತೆಗೆದರು, ಅತ್ತೆಯ ಕೈಗೆ ಯಾರೋ ಟಾರ್ಚ್ ಕೊಟ್ಟರು, ಅಭ್ಯಾಸಬಲದಿಂದ ಅವಳು ಹಿಡಿದಳು. ಬಲಗಡೆಯ ಶೈಲಿಯ ಹುಡುಗ ಇನ್ನೊಂದು ಕುರ್ಚಿ ಹತ್ತಿ ನಿಂತು ಇಣುಕಿದ. ಬೆನ್ನುಗಳ ಗೋಡೆಯ ನಡುವೆ ಮಗಳಿಗೆ ಕಂಡದ್ದು ಅಪ್ಪನ ಒಂದು ಕೈ ಮಾತ್ರ. ಅದರ ಎರಡು ಬೆರಳು ಕುರ್ಚಿಯ ತೋಳಿನ ಮೇಲೆ ಸುಮ್ಮನೆ ಬಿದ್ದಿದ್ದವು.

ಅವಳು ನಲ್ಲಿ ನಿಲ್ಲಿಸಿದಳು. ಹಲ್ಲನ್ನು ದುಪಟ್ಟಾದ ಅಂಚಿನಲ್ಲಿ ಒರೆಸಿದಳು. ಶಾಲೆ ಬಿಟ್ಟ ಮೇಲೆ ಇಷ್ಟು ಜನರ ನಡುವೆ ಅವಳು ದನಿ ಎತ್ತಿದ್ದೇ ಇಲ್ಲ. ಗಂಟಲು ಕಟ್ಟಿತು, ಬಿಟ್ಟಿತು. ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಅಂಗೈ ಚಾಚಿಕೊಂಡು, ಇನ್ನೂ ಗಟ್ಟಿಯಾಗಿ, ಕೋಣೆಯ ಕೊನೆಗೂ ಮುಟ್ಟುವ ಹಾಗೆ ಮತ್ತೆ ಹೇಳಿದಳು:

"ಅಪ್ಪ, ಹಲ್ಲು ತೊಳೆದಿದೀನಿ. ಹಾಕ್ಕೊಂಡು ಆ ಹಾಡು ಪೂರ್ತಿ ಊದಪ್ಪ."